ಕೆರೆ ದಂಡೆಗೆ ಲಾವಂಚದ ಬೇಲಿ

ಬೇಸಿಗೆ ಬಂತು ಅಂದರೆ ಮಡಕೆ ನೀರಿಗೆ ಒಂದು ಹಿಡಿ ಬೇರು ಹಾಕ್ತೀವಿ. ನೀರು ಘಮಘಮ ಅನ್ನುತ್ತದೆ. ಕುಡಿದರೆ ಹೊಟ್ಟೆ ತಂಪು. ಆ ಬೇರು ಯಾವುದು ಹೇಳಿ?

ಹೌದು, ಲಾವಂಚ. ಕೆಲವು ಕಡೆ ಲಾಮಂಚ ಅಂತಾರೆ. ಮುಡಿವಾಳ ಅಂತಲೂ ಇದಕ್ಕೆ ಹೆಸರಿದೆ. ಗ್ರಂಧಿಗೆ ಅಂಗಡಿಯಲ್ಲಿ ಇದನ್ನು ಕಟ್ಟು ಕಟ್ಟಿ ಮಾರುತ್ತಾರೆ. ಕರಾವಳಿ ಕಡೆ ಈ ಬೇರಿನಿಂದ ಬೀಸಣಿಗೆ ಹೆಣೆಯುತ್ತಾರೆ. ಬೇರಿನ ಎಣ್ಣೆ ಅತ್ತರಿಗೆ, ಸೋಪಿಗೆ ಹೋಗುತ್ತದೆ.

ಬೇರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗಿಡವನ್ನು ನೋಡಿದವರು ಎಷ್ಟು ಜನ? ಕೆರೆ ದಂಡೆಯಲ್ಲಿ ನಿಂತಿದ್ದರೂ ‘ಯಾವುದೋ ಹುಲ್ಲು’ ಅಂತ ದಾಟಿ ಹೋಗುತ್ತೇವೆ. ಆ ‘ಯಾವುದೋ ಹುಲ್ಲು’ ನಮ್ಮೂರ ಕೆರೆಯನ್ನು ಹೂಳಿನಿಂದ ಕಾಪಾಡಬಲ್ಲದು. ಅದು ಹೇಗೆ ಅಂತ ಈಗ ನೋಡೋಣ.

ಗಿಡದ ಗುರುತು

ಲಾವಂಚ ಒಂದು ಹುಲ್ಲು. ದಪ್ಪ ಪೊದೆಯಾಗಿ ಬೆಳೆಯುತ್ತದೆ. ಎತ್ತರ ಸುಮಾರು 5 ಅಡಿ. ಗರಿ ಉದ್ದ, ಕಿರಿದು, ಒರಟು. ಬುಡ ಗಟ್ಟಿ. ಕೈ ಹಾಕಿ ಎಳೆದರೆ ಅಲ್ಲಾಡುವುದಿಲ್ಲ.

ಇದನ್ನು ಮಜ್ಜಿಗೆ ಹುಲ್ಲು ಅಂತ ತಿಳಿದು ಮೋಸ ಹೋಗುವವರಿದ್ದಾರೆ. ಗುರುತು ಹಿಡಿಯುವುದು ಸುಲಭ. ಒಂದು ಗರಿ ಕಿತ್ತು ಹಿಸುಕಿ ಮೂಸಿ ನೋಡಿ. ನಿಂಬೆಹಣ್ಣಿನ ವಾಸನೆ ಬಂದರೆ ಅದು ಮಜ್ಜಿಗೆ ಹುಲ್ಲು. ಲಾವಂಚದ ಗರಿಗೆ ಆ ಪರಿಮಳ ಇಲ್ಲ. ಅದರ ಪರಿಮಳ ಎಲ್ಲಾ ಬೇರಲ್ಲೇ.

ಇದು ಹೊರಗಿನಿಂದ ಬಂದ ಗಿಡ ಅಲ್ಲ. ನಮ್ಮ ದೇಶದ್ದೇ. ಹಳ್ಳದ ಅಂಚು, ಜೌಗು ನೆಲ, ಕೆರೆ ದಂಡೆ, ಇವೇ ಇದರ ತವರು. ರಾಜಸ್ಥಾನದ ಭರತಪುರದಲ್ಲಿ ದೊಡ್ಡ ಪಕ್ಷಿಧಾಮ ಇದೆ. ಅಲ್ಲಿನ ಜೌಗಿನಲ್ಲಿ ಲಾವಂಚ ತಾನಾಗಿಯೇ ಬೆಳೆದು ನಿಂತಿದೆ.

ಕೆರೆ ಮೇಲೆ ತೇಲುವ ನೇರಳೆ ಹೂವಿನ ಕಳೆ ನೋಡಿದ್ದೀರಲ್ಲ? ಅದು ದಕ್ಷಿಣ ಅಮೆರಿಕದಿಂದ ಬಂದದ್ದು. ಚೆಂದದ ಹೂವು ಅಂತ ತಂದರು. ಈಗ ಕೆರೆಗೆ ಕೆರೆಯನ್ನೇ ಮುಚ್ಚುತ್ತಿದೆ. ಲಾವಂಚ ಹಾಗೆ ಹರಡುವುದಿಲ್ಲ. ನಮ್ಮ ದಕ್ಷಿಣದ ಕಡೆಯ ತಳಿ ಬೀಜದಿಂದ ಹಬ್ಬುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೆಟ್ಟ ಜಾಗದಲ್ಲೇ ಇರುತ್ತದೆ. ಉತ್ತರದ ಕಡೆ ಬೀಜ ಕಟ್ಟುವ ತಳಿ ಉಂಟು. ಅದು ನಮಗೆ ಬೇಡ.

ಕೆರೆಗೆ ಬಂದ ಕಷ್ಟ

ಮೊದಲ ಮಳೆ ಜೋರಾಗಿ ಬಂದಾಗ ಹಳ್ಳದ ನೀರು ಯಾವ ಬಣ್ಣ ಇರುತ್ತದೆ? ಕೆಂಪು. ಆ ಕೆಂಪು ಎಲ್ಲಿಂದ ಬಂತು? ನಮ್ಮ ರಾಗಿ ಹೊಲದಿಂದ, ಜೋಳದ ಹೊಲದಿಂದ, ಬೋಳು ಗುಡ್ಡದಿಂದ. ಗೊಬ್ಬರ ಹಾಕಿ ಹದ ಮಾಡಿದ ಮೇಲ್ಮಣ್ಣು ಅದು. ನೀರು ಅದನ್ನು ಹೊತ್ತು ಕೆರೆಗೆ ಇಳಿಸುತ್ತದೆ. ಅದೇ ಹೂಳು.

ಒಂದು ಲೆಕ್ಕ ಮಾಡೋಣ. ಈಗ ಲೆಕ್ಕ ನಮಗೂ ಬರತ್ತೆ ತಾನೆ! ನಮ್ಮ ಕೆರೆ 10 ಎಕರೆ ಅಂತ ಇಟ್ಟುಕೊಳ್ಳಿ. ಅದರ ತುಂಬ ಒಂದೇ ಒಂದು ಅಡಿ ಹೂಳು ಕೂತರೆ ಎಷ್ಟು ನೀರಿನ ಜಾಗ ಹೋಯಿತು? ಸುಮಾರು 1 ಕೋಟಿ 23 ಲಕ್ಷ ಲೀಟರ್. ನಾವು ಹೊರುವ ಕೊಡ 15 ಲೀಟರಿನದು ಅಂದರೆ, 8 ಲಕ್ಷಕ್ಕಿಂತ ಹೆಚ್ಚು ಕೊಡ ನೀರು.

ಅಷ್ಟು ನೀರು ಕೆರೆಯಲ್ಲಿ ನಿಲ್ಲದೆ ಕೋಡಿ ಬಿದ್ದು ಹೋಗುತ್ತದೆ. ಬೇಸಿಗೆಗೆ ಮುಂಚೆಯೇ ಕೆರೆ ಬತ್ತುತ್ತದೆ. ಸುತ್ತಲ ಬಾವಿ ಇಳಿಯುತ್ತದೆ. ಆಮೇಲೆ ದೂರದ ನೀರಿಗೆ ನಡೆಯುವವರು ಯಾರು? ಅದನ್ನು ಬರೆದು ಹೇಳಬೇಕಾಗಿಲ್ಲ.

ಹೂಳು ತೆಗೆಸಬಹುದು. ತೆಗೆಸಬೇಕು ಕೂಡ. ಕೆರೆ ಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ ಅಂತ ಹಿರಿಯರಿಗೆ ಗೊತ್ತಿತ್ತು. ಆದರೆ ಜೆ.ಸಿ.ಬಿ. ಬಂದು ಹೂಳು ತೆಗೆದು ಹೋದ ಮೇಲೆ, ಮುಂದಿನ ಮಳೆಗೆ ಮತ್ತೆ ಹೂಳು ಬರುತ್ತದೆ. ಮನೆ ಗುಡಿಸಿ ಬಾಗಿಲು ತೆರೆದಿಟ್ಟು, ಗಾಳಿಗೆ ಧೂಳು ಬಂತು ಅಂದರೆ ಹೇಗೆ? ಹೂಳು ಬರುವ ಬಾಗಿಲಿಗೆ ಒಂದು ಜರಡಿ ಬೇಕು. ಆ ಜರಡಿಯೇ ಲಾವಂಚದ ಸಾಲು.

ಲಾವಂಚ ಮಾಡುವ ಕೆಲಸ

ಒತ್ತೊತ್ತಾಗಿ ನೆಟ್ಟ ಲಾವಂಚ ಎರಡು ಮಳೆಗಾಲದಲ್ಲಿ ಕೂಡಿಕೊಂಡು ಒಂದೇ ಬೇಲಿ ಆಗುತ್ತದೆ. ಓಡಿ ಬಂದ ನೀರು ಈ ಬೇಲಿಗೆ ತಾಗುತ್ತದೆ. ಬೇಲಿ ನೀರನ್ನು ತಡೆದು ನಿಲ್ಲಿಸುವುದಿಲ್ಲ. ಅದರ ಓಟ ತಗ್ಗಿಸುತ್ತದೆ, ಅಷ್ಟೆ. ಓಟ ತಗ್ಗಿದ ನೀರಿಗೆ ಮಣ್ಣು ಹೊರುವ ಶಕ್ತಿ ಇಲ್ಲ. ಮಣ್ಣು ಬೇಲಿಯ ಹಿಂದೆ ಉಳಿಯುತ್ತದೆ. ನೀರು ಮೆಲ್ಲಗೆ ಜಿನುಗಿ ಮುಂದೆ ಹೋಗುತ್ತದೆ.

ಮಣ್ಣು ಗುಡ್ಡೆ ಬಿದ್ದರೆ ಗಿಡ ಹೂತು ಹೋಗಲ್ವಾ? ಇಲ್ಲ. ಮಣ್ಣು ಏರಿದ ಹಾಗೆ ಲಾವಂಚವೂ ಮೇಲೆ ಏರುತ್ತದೆ. ಕಾಂಡದ ಗೆಣ್ಣಿನಲ್ಲಿ ಹೊಸ ಬೇರು ಬಿಡುತ್ತದೆ. ವರ್ಷ ವರ್ಷವೂ ಬೇಲಿಯ ಹಿಂದೆ ಮಣ್ಣಿನ ಮೆಟ್ಟಿಲು ಕಟ್ಟುತ್ತಾ ಹೋಗುತ್ತದೆ.

ನೆಲದ ಒಳಗಿನ ಕೆಲಸ ಇನ್ನೂ ದೊಡ್ಡದು. ಬಹಳ ಹುಲ್ಲುಗಳ ಬೇರು ಮೇಲುಮೇಲೆ ಹರಡುತ್ತದೆ. ಲಾವಂಚದ ಬೇರು ನೆಟ್ಟಗೆ ಕೆಳಗೆ ಇಳಿಯುತ್ತದೆ. ಒಳ್ಳೆ ಮಣ್ಣಿದ್ದರೆ 6 ಅಡಿ, 10 ಅಡಿ ಆಳಕ್ಕೂ ಹೋಗುತ್ತದೆ. ಬೇರು ಪಕ್ಕಕ್ಕೆ ಹೆಚ್ಚು ಹೋಗದ ಕಾರಣ ಹತ್ತಿರದ ಬೆಳೆಗೆ ತೊಂದರೆ ಕಡಿಮೆ. ಸಾವಿರಾರು ಎಳೆ ಸೇರಿ ದಂಡೆಯ ಮಣ್ಣನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತವೆ. ಸದಾ ನೀರು ನಿಂತ ಕೆಸರಿನಲ್ಲಿ ಮಾತ್ರ ಬೇರು ಅಷ್ಟು ಆಳಕ್ಕೆ ಇಳಿಯದು. ಒಮ್ಮೆ ನೆನೆದು ಒಮ್ಮೆ ಒಣಗುವ ದಂಡೆಯೇ ಇದಕ್ಕೆ ತಕ್ಕ ಜಾಗ.

ಗುಂಡ್ಲುಪೇಟೆಯ ರೈತರ ಜಾಣತನ

ಈ ವಿದ್ಯೆ ಹೊರದೇಶದಿಂದ ಬಂದದ್ದೇನಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಟ್ಟುಕೊಂಡು ಬಂದಿದ್ದಾರೆ. ಗಡಿಯೂ ಆಯ್ತು, ಮಣ್ಣೂ ಉಳಿಯಿತು. 1980ರ ನಂತರದ ವರ್ಷಗಳಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಭಾರತಕ್ಕೆ ಬಂದರು. ಮಣ್ಣು ಕೊಚ್ಚಿ ಹೋಗುವುದನ್ನು ತಡೆಯಲು ಅಗ್ಗದ ದಾರಿ ಹುಡುಕುತ್ತಿದ್ದರು. ಆಗ ಗುಂಡ್ಲುಪೇಟೆಯ ಈ ಬೇಲಿಗಳು ಅವರ ಕಣ್ಣಿಗೆ ಬಿದ್ದವು. ಆಮೇಲೆ ಈ ಹುಲ್ಲಿನ ಬಗ್ಗೆ ಪುಸ್ತಕಗಳು ಬಂದವು. 1993ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಗುಂಡ್ಲುಪೇಟೆಯ ಹೆಸರೂ ಇದೆ. ಇವತ್ತು ಥಾಯ್ಲೆಂಡ್, ಚೀನಾ, ಇಥಿಯೋಪಿಯಾ ದೇಶಗಳಲ್ಲೂ ಗುಡ್ಡದ ಇಳಿಜಾರಿಗೆ, ರಸ್ತೆ ಬದಿಗೆ ಲಾವಂಚ ನೆಡುತ್ತಾರೆ.

ಗಡಿಯ ಮಾತು ಬಂತಲ್ಲ, ಇನ್ನೊಂದು ವಿಷಯ ಹೇಳಬೇಕು. ಕೆರೆ ಅಂಗಳ ಒತ್ತುವರಿ ಆಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಒಂದು ವರ್ಷ ಒಂದು ಸಾಲು ಉಳುತ್ತಾರೆ, ಮರುವರ್ಷ ಇನ್ನೊಂದು ಸಾಲು. ಗಡಿ ಕಲ್ಲು ರಾತ್ರೋರಾತ್ರಿ ಜರುಗುತ್ತದೆ. ಬೇರು ಬಿಟ್ಟ ಲಾವಂಚದ ಸಾಲನ್ನು ಜರುಗಿಸುವುದು ಸುಲಭ ಅಲ್ಲ. ಸರ್ವೆಯವರು ಗುರುತು ಹಾಕಿದ ಮೇಲೆ ಆ ಗುರುತಿನ ಮೇಲೇ ಲಾವಂಚ ನೆಟ್ಟರೆ ಕೆರೆಗೊಂದು ಹಸಿರು ಅಂಚು ಆಗುತ್ತದೆ. ಊರಿಗೆಲ್ಲ ಕಾಣುತ್ತದೆ.

ಸಸಿ ಎಲ್ಲಿಂದ? ಎಷ್ಟು?

ಬೀಜ ಬೇಡ. ಬೆಳೆದ ಬುಡವನ್ನು ಬಿಡಿಸಿ ನೆಡಬೇಕು. ಭತ್ತ, ರಾಗಿ ತೆಂಡೆ ಒಡೆಯುವ ಹಾಗೆ ಲಾವಂಚವೂ ತೆಂಡೆ ಒಡೆಯುತ್ತದೆ. ಎರಡು ಮೂರು ತೆಂಡೆ ಸೇರಿದ್ದು ಒಂದು ಸಸಿ.

ಅರ್ಧ ಅಡಿಗೆ ಒಂದು ಸಸಿ ನೆಡಬೇಕು. 100 ಅಡಿ ಸಾಲಿಗೆ 200 ಸಸಿ. ಒಂದು ವರ್ಷ ಚೆನ್ನಾಗಿ ಬೆಳೆದ ಬುಡದಿಂದ 10 ಸಸಿ ಬಂದರೂ 20 ಬುಡ ಸಾಕು. ಹಣ ಕೊಟ್ಟು ಎಲ್ಲಾ ಸಸಿ ತರಬೇಕಾಗಿಲ್ಲ. ಮೊದಲ ವರ್ಷ 20 ಬುಡ ತಂದು ಬೋರಿನ ಬಳಿ, ಪೋಲಾಗುವ ನೀರು ಹರಿಯುವ ಕಡೆ, ಮಡಿ ಮಾಡಿ ಹಚ್ಚಿ. ಬಿಸಿಲು ಚೆನ್ನಾಗಿ ಬೀಳಬೇಕು. ನೆರಳಲ್ಲಿ ಲಾವಂಚ ಸೊರಗುತ್ತದೆ. ಮರುವರ್ಷ ಅದೇ ಮಡಿಯಿಂದ ಊರಿಗಾಗುವಷ್ಟು ಸಸಿ ಸಿಗುತ್ತದೆ.

ನೆಡುವ ಹದ

ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ನೆಡಬೇಕು. ಕೆರೆ ತುಂಬುವುದು ಸಾಮಾನ್ಯವಾಗಿ ಆಮೇಲೆ. ಅಷ್ಟರಲ್ಲಿ ಗಿಡ ಬೇರು ಬಿಟ್ಟಿರುತ್ತದೆ. ಬಲಿತ ಲಾವಂಚ ವಾರಗಟ್ಟಲೆ ನೀರಲ್ಲಿ ಮುಳುಗಿದರೂ ಬದುಕುತ್ತದೆ. ಎಳೆ ಸಸಿ ಮುಳುಗಿದರೆ ಕೊಳೆಯುತ್ತದೆ. ಈ ವ್ಯತ್ಯಾಸ ಮರೆಯಬೇಡಿ.

ಬುಡವನ್ನು ಗುದ್ದಲಿಯಿಂದ ಅಗೆದು ತೆಗೆಯಿರಿ. ಕೈಯಿಂದ ಬಿಡಿಸಿ. ಗರಿಯನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉಳಿಸಿ ಕತ್ತರಿಸಿ. ಬೇರನ್ನು ನಾಲ್ಕು ಬೆರಳು ಉಳಿಸಿ ಕತ್ತರಿಸಿ. ಸಗಣಿ ರಾಡಿಯಲ್ಲಿ ಬೇರು ಅದ್ದಿ. ಬಿಡಿಸಿದ ದಿನವೇ ನೆಟ್ಟರೆ ಒಳ್ಳೆಯದು. ಆಗದಿದ್ದರೆ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡಿ.

ಮುಖ್ಯ ಮಾತು ಸಾಲಿನದು. ಸಾಲು ನೆಟ್ಟಗೆ ಇರಬೇಕು ಅಂತಿಲ್ಲ, ಮಟ್ಟವಾಗಿ ಇರಬೇಕು. ಸಾಲಿನ ಒಂದು ತುದಿ ತಗ್ಗಾದರೆ ನೀರೆಲ್ಲ ಆ ಕಡೆಗೇ ನುಗ್ಗಿ ಕೊರಕಲು ಬೀಳುತ್ತದೆ. ಕೆರೆ ಒಳ ದಂಡೆಯಲ್ಲಿ ಮಟ್ಟ ಹುಡುಕುವ ಕಷ್ಟ ಇಲ್ಲ. ನಿಂತ ನೀರಿನ ಅಂಚೇ ಮಟ್ಟದ ಗೆರೆ. ನೀರು ಇಳಿಯುವಾಗ ದಂಡೆ ಮೇಲೆ ಗೆರೆ ಬಿಟ್ಟು ಹೋಗುತ್ತದೆ. ಆ ಗೆರೆಗೆ ಗೂಟ ಹೊಡೆದಿಟ್ಟುಕೊಳ್ಳಿ.

ಕೆರೆಗೆ ನೀರು ಬರುವ ಮೇಲಿನ ಇಳಿಜಾರಿನಲ್ಲಿ ಮಟ್ಟ ಹಿಡಿಯಲು ಒಂದು ಉಪಾಯ ಇದೆ. 7 ಅಡಿಯ ಎರಡು ಸಮ ಕೋಲು ತೆಗೆದುಕೊಳ್ಳಿ. ಮೇಲಿನ ತುದಿ ಸೇರಿಸಿ ಕಟ್ಟಿ. ಕಾಲು ಅಗಲಿಸಿ ನಡುವೆ ಒಂದು ಅಡ್ಡ ಕೋಲು ಕಟ್ಟಿ. ಮೇಲಿನ ಗಂಟಿನಿಂದ ದಾರದಲ್ಲಿ ಒಂದು ಕಲ್ಲು ಇಳಿಬಿಡಿ. ದಾರ ಅಡ್ಡ ಕೋಲನ್ನು ದಾಟಿ ಕೆಳಗೆ ತೂಗಬೇಕು. ಇದನ್ನು ನೆಲದ ಮೇಲೆ ನಿಲ್ಲಿಸಿ ದಾರ ತಾಗಿದ ಕಡೆ ಗುರುತು ಮಾಡಿ. ಈಗ ಅದೇ ಜಾಗದಲ್ಲಿ ಎಡಗಾಲು ಇದ್ದ ಕಡೆ ಬಲಗಾಲು ಬರುವಂತೆ ತಿರುಗಿಸಿ ನಿಲ್ಲಿಸಿ. ಮತ್ತೆ ಗುರುತು ಮಾಡಿ. ಎರಡು ಗುರುತಿನ ಸರಿ ನಡುವೆ ಒಂದು ಗೀಟು ಎಳೆಯಿರಿ. ದಾರ ಆ ಗೀಟಿಗೆ ಬಂದರೆ ಎರಡೂ ಕಾಲು ಮಟ್ಟದಲ್ಲಿವೆ ಎಂದು ಅರ್ಥ. ಕಾಲು ಕಾಲಿಗೆ ಗೂಟ ಹೊಡೆಯುತ್ತಾ ಹೋಗಿ. ಗಾಳಿ ಇಲ್ಲದ ಬೆಳಿಗ್ಗೆ ಈ ಕೆಲಸ ಮಾಡಿ. ಇಲ್ಲದಿದ್ದರೆ ಕಲ್ಲು ಉಯ್ಯಾಲೆ ಆಡುತ್ತದೆ!

ಗೂಟದ ಸಾಲಿನ ಮೇಲೆ ಸಣ್ಣ ಕಾಲುವೆ ತೋಡಿ ಸಸಿ ನೆಟ್ಟು, ಬುಡ ಒತ್ತಿ ತುಳಿಯಿರಿ. ತೂಬಿನ ಬಾಯಿಗೆ, ಕೋಡಿಗೆ ಅಡ್ಡವಾಗಿ ಮಾತ್ರ ನೆಡಲೇಬೇಡಿ. ಹೆಚ್ಚಾದ ನೀರು ಹೊರಗೆ ಹೋಗುವ ದಾರಿ ಅದು. ಅಲ್ಲಿ ತಡೆದರೆ ಏರಿಗೇ ಅಪಾಯ. ಏರಿಯ ಕಲ್ಲು ಕಟ್ಟಣೆಯನ್ನೂ ಕೀಳಬಾರದು.

ಮೊದಲ ವರ್ಷದ ಆರೈಕೆ

ಮೊದಲ ವರ್ಷ ಎಳೆ ಮಗು ಇದ್ದಂತೆ. ಕಳೆ ತೆಗೆಯಬೇಕು. ಸತ್ತ ಸಸಿಯ ಜಾಗಕ್ಕೆ ಬೇರೆ ಸಸಿ ಹಾಕಬೇಕು. ಬೇಲಿಯಲ್ಲಿ ಒಂದು ಕಿಂಡಿ ಇದ್ದರೂ ನೀರು ಅದನ್ನು ಹುಡುಕಿಕೊಂಡು ಬರುತ್ತದೆ. ದನ, ಆಡು ಎಳೆ ಗರಿ ಬಿಡುವುದಿಲ್ಲ. ಒಂದು ಮಳೆಗಾಲ ಕಾವಲು ಬೇಕು. ಗೋಪಾಲಕರನ್ನು ಕೂಡಿಸಿ ಮೊದಲೇ ಮಾತಾಡಿ. ದನ ನೀರಿಗೆ ಇಳಿಯುವ ಜಾಗ, ಬಟ್ಟೆ ಒಗೆಯುವ ಜಾಗ ಬಿಟ್ಟು ನೆಡಿ. ಜನರ ದಾರಿ ಕಟ್ಟಿ ಹಾಕಿದ ಬೇಲಿ ಬಹಳ ದಿನ ಉಳಿಯದು.

ಗಿಡ ಏರಿದಾಗ ಒಂದೂವರೆ ಅಡಿ ಉಳಿಸಿ ಗರಿ ಕೊಯ್ಯಿರಿ. ಕೊಯ್ದಷ್ಟೂ ತೆಂಡೆ ಒಡೆದು ಬೇಲಿ ದಟ್ಟ ಆಗುತ್ತದೆ. ಎಳೆ ಗರಿ ದನಕ್ಕೆ ಮೇವು. ಬಲಿತ ಗರಿ ಸೂರಿಗೆ ಹೊದಿಸಲು, ಗಿಡದ ಬುಡಕ್ಕೆ ಮುಚ್ಚಲು ಆಗುತ್ತದೆ.

‘ಅಷ್ಟು ಪೊದೆ ಬೆಳೆದರೆ ಹಾವು ಸೇರಲ್ವಾ?’ ಎಂದು ಕೇಳುವವರಿದ್ದಾರೆ. ಯಾವ ದಟ್ಟ ಹುಲ್ಲಿನಲ್ಲೂ ಹಾವು ಇರಬಹುದು. ಅದಕ್ಕೇ ಜನ ಓಡಾಡುವ ಕಡೆ ಗರಿಯನ್ನು ಮೊಣಕಾಲಿನ ಮಟ್ಟಕ್ಕೆ ಕೊಯ್ದಿರಬೇಕು. ಉಳಿದ ಕಡೆ ಪೊದೆ ಇರಲಿ ಬಿಡಿ. ಅಲ್ಲಿ ಹುಂಡುಕೋಳಿ ಅವಿತುಕೊಳ್ಳುತ್ತದೆ. ಕಪ್ಪೆ ಕೂರುತ್ತದೆ. ಏರೋಪ್ಲೇನ್ ಚಿಟ್ಟೆ ಬರುತ್ತದೆ. ಅದರ ಮರಿ ನೀರಲ್ಲಿ ಇದ್ದು ಸೊಳ್ಳೆ ಮರಿಗಳನ್ನು ತಿನ್ನುತ್ತದೆ. ದಂಡೆಗೆ ಬರೀ ಲಾವಂಚ ಒಂದೇ ಸಾಲದು. ಅದರ ಕೆಳಗಿನ ಒದ್ದೆ ನೆಲದಲ್ಲಿ ಒಂದೆಲಗ, ಹೊನಗೊನ್ನೆ, ಬಜೆ, ಜೊಂಡು ಇದ್ದರೆ ಕೀಳಬೇಡಿ. ಸೊಪ್ಪಿನ ಪಲ್ಯಕ್ಕೂ ಆಯ್ತು, ಹಕ್ಕಿಗೂ ಆಯ್ತು.

ಬೇರಿನ ಆಸೆ

ಈಗ ಕಷ್ಟದ ಮಾತು. ಲಾವಂಚದ ಬೇರಿಗೆ ಬೆಲೆ ಇದೆ. ಬೇಲಿ ಬಲಿತ ಮೇಲೆ ಯಾರಾದರೂ ವ್ಯಾಪಾರಿ ಬಂದು ‘ಬೇರು ಅಗೆದು ಕೊಡಿ, ದುಡ್ಡು ಕೊಡ್ತೀವಿ’ ಅನ್ನಬಹುದು. ಸಂಘಕ್ಕೆ ಹಣ ಬೇಕಾಗಿಯೂ ಇರಬಹುದು. ಆದರೆ ಬೇರು ತೆಗೆಯಲು ಆಳಕ್ಕೆ ಅಗೆಯಬೇಕು. ದಂಡೆ ಅಗೆದರೆ ಮಣ್ಣು ಸಡಿಲ ಆಗುತ್ತದೆ. ಬೇಲಿ ಇಲ್ಲದಿದ್ದಾಗ ಹೋಗುತ್ತಿದ್ದ ಮಣ್ಣಿಗಿಂತ ಹೆಚ್ಚು ಮಣ್ಣು ಒಂದೇ ಮಳೆಗೆ ಕೆರೆಗೆ ಇಳಿಯಬಹುದು. ಏರಿ ಮೇಲೆ ಅಗೆದರೆ ಏರಿಯೇ ಹೋದೀತು. ನಮ್ಮ ಮಾತು ಇಷ್ಟೆ: ದಂಡೆಯ ಲಾವಂಚದಲ್ಲಿ ಗರಿ ನಮ್ಮದು, ಬೇರು ಕೆರೆಯದು.

ಹಾಗಂತ ಬೇರಿನ ವ್ಯಾಪಾರ ಬೇಡ ಅಂತಲ್ಲ. ಅದಕ್ಕೆ ಬೇರೆ ಜಾಗದಲ್ಲಿ ಬೆಳೆಯಿರಿ. ಸಮತಟ್ಟಾದ ಮರಳು ಮಿಶ್ರಿತ ನೆಲ ಆದರೆ ಅಗೆಯಲು ಸುಲಭ, ಬೇರು ತುಂಡಾಗದೆ ಬರುತ್ತದೆ. ಮಣ್ಣು ತುಂಬಿದ ಹಳೆ ಚೀಲದಲ್ಲೂ ಬೆಳೆಯಬಹುದು. ಚೀಲ ಹರಿದರೆ ಬೇರು ಕೈಗೆ ಬಂತು. ಎಣ್ಣೆಗಾಗಿ ಬೆಳೆಯುವವರು 15ರಿಂದ 18 ತಿಂಗಳು ಬಿಟ್ಟು ಅಗೆಯುತ್ತಾರೆ. ಬೇರು ತೊಳೆದು ನೆರಳಲ್ಲಿ ಒಣಗಿಸುತ್ತಾರೆ. ಬುಡವನ್ನು ಬಿಡಿಸಿ ಮತ್ತೆ ನೆಡುತ್ತಾರೆ.

ಇನ್ನೊಂದು ಎಚ್ಚರಿಕೆ. ಲಾವಂಚ ನೀರಿನಲ್ಲಿರುವ ಕೊಳೆಯನ್ನು ಹೀರುತ್ತದೆ. ಅದು ಅದರ ಒಳ್ಳೆ ಗುಣ. ಆದರೆ ಚರಂಡಿ ನೀರು, ಕಾರ್ಖಾನೆ ನೀರು ಸೇರುವ ಕೆರೆಯಲ್ಲಿ ಬೆಳೆದ ಬೇರನ್ನು ಕುಡಿಯುವ ನೀರಿಗೆ ಹಾಕಬಾರದು. ಹೀರಿದ ವಿಷ ಬೇರಲ್ಲೇ ಉಳಿದಿರುತ್ತದೆ. ಅಂಥ ಕೆರೆಯನ್ನು ಬರೀ ಹುಲ್ಲು ನೆಟ್ಟು ಉಳಿಸುತ್ತೇವೆ ಅನ್ನುವುದೂ ಸುಳ್ಳು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಹೊತ್ತಿಕೊಂಡಿತ್ತು. ಅಲ್ಲಿ ಮೊದಲು ಕೊಳಕು ನೀರು ನಿಲ್ಲಬೇಕು. ಹುಲ್ಲಿನ ಮಾತು ಆಮೇಲೆ.

ಯಾರನ್ನು ಕೇಳಬೇಕು?

ಕೆರೆ ಊರಿನದು. ಆದರೂ ನೆಡುವ ಮೊದಲು ಒಪ್ಪಿಗೆ ಬೇಕು. ಅಚ್ಚುಕಟ್ಟು 40 ಹೆಕ್ಟೇರಿಗಿಂತ, ಅಂದರೆ ಸುಮಾರು 100 ಎಕರೆಗಿಂತ, ಕಡಿಮೆ ಇರುವ ಕೆರೆಗಳನ್ನು ಪಂಚಾಯಿತಿಗಳು ನೋಡಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಯಾವುದೇ ಇರಲಿ, ಮೊದಲು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಬರೆಯಲು ಬೇರೆಯವರನ್ನು ಕಾಯಬೇಡಿ. ಹೀಗೆ ಬರೆದರೆ ಆಯ್ತು:

‘ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ,

ನಮ್ಮ ಊರಿನ ಕೆರೆಗೆ ಪ್ರತಿ ಮಳೆಗಾಲದಲ್ಲಿ ಹೂಳು ಬರುತ್ತಿದೆ. ನಮ್ಮ ಮಹಿಳಾ ಸಂಘದವರು ಕೆರೆ ದಂಡೆಯಲ್ಲಿ 300 ಅಡಿ ಉದ್ದ ಲಾವಂಚ ನೆಡಲು ಒಪ್ಪಿದ್ದೇವೆ. ಇದಕ್ಕೆ 600 ಸಸಿ ಬೇಕು. ಕೆರೆಯ ಗಡಿಯನ್ನು ಸರ್ವೆ ಮಾಡಿಸಿ ಗುರುತು ಹಾಕಿಸಿಕೊಡಬೇಕು. ಬೆಳೆದ ಗರಿಯನ್ನು ಕೊಯ್ದುಕೊಳ್ಳಲು ಸಂಘಕ್ಕೆ ಅನುಮತಿ ಕೊಡಬೇಕು. ದಂಡೆ ಮತ್ತು ಏರಿಯ ಮೇಲೆ ಯಾರೂ ಬೇರು ಅಗೆಯಬಾರದೆಂದು ಸಭೆಯಲ್ಲಿ ತೀರ್ಮಾನ ಮಾಡಬೇಕು ಎಂದು ಕೋರುತ್ತೇವೆ.’

ಕೆಳಗೆ ಊರು, ತಾರೀಖು ಹಾಕಿ. ಎಲ್ಲರೂ ಸಹಿ ಮಾಡಿ, ಹೆಬ್ಬೆಟ್ಟು ಬೇಡ. ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ಸಹಿ, ಸೀಲು ಹಾಕಿಸಿಕೊಂಡು ಸಂಘದ ಪುಸ್ತಕದಲ್ಲಿ ಇಡಿ. ಮುಂಗಾರಿಗೆ ಎರಡು ತಿಂಗಳು ಮುಂಚೆಯೇ ಅರ್ಜಿ ಹೋಗಿರಲಿ. ಸರ್ವೆಯವರು ಬರುವುದು ತಡ ಆಗಬಹುದು. ಮಳೆ ಅವರಿಗಾಗಿ ಕಾಯುವುದಿಲ್ಲ.